ಜಮಖಂಡಿ ಸೀಮೆಗೆ ವಿಮಾನ ಒಯ್ದದ್ದು

ಮುಂಬಯಿಯ ಬೋರಿಬಂದರಿನಲ್ಲಿ ಮಂಗಳವಾರ ಸಂಜೆ ಗಾಡಿ ಹತ್ತಿದಾಗ ನನ್ನ ಕಂಕುಳಲ್ಲಿ ಮೂರು ಸುರುಳಿ ಕಾಗದಗಳಿದ್ದವು. ಹಾಸಿಗೆ, ಪೆಟ್ಟಿಗೆಗಳನ್ನು ಹಮಾಲನ ತಲೆಗೆ ಹೊರಿಸಿದ್ದೆ. ಕಾಗದಗಳನ್ನು ಮಾತ್ರ ಯಾರ ಕೈಗೂ ಕೊಟ್ಟಿರಲಿಲ್ಲ. ಅವುಗಳಲ್ಲಿದ್ದದ್ದು ನನ್ನ ಕನ್ನಡ. ನಾಲ್ಕು ಬಣ್ಣಗಳಲ್ಲಿ ಅಚ್ಚಾಗಿ ಮೊದಲ ಸಲ ಊರು ನೋಡಲು ಹೊರಟಿತ್ತು. ಅದರ ಜೊತೆಗೆ ನಾನೂ ಹೊರಟಿದ್ದೆ, ಮದುವೆಗೆ ಹೊರಟವನಿಗಿಂತ ಹೆಚ್ಚಿನ ಸಡಗರದಲ್ಲಿ.

ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತಿದು. ನಾನು ಹುಟ್ಟಿದ್ದು ಸಮುದ್ರದ ದಂಡೆಯ ಕುಮಟೆಯಲ್ಲಿ; ಹೊಟ್ಟೆಪಾಡಿಗೆ ಮುಂಬಯಿ ಸೇರಿ, ಫೋರ್ಟಿನ ಒಂದು ವಿಮಾನ ಕಂಪನಿಯಲ್ಲಿ ಜಾಹೀರಾತು ಬರೆಯುವ ಗುಮಾಸ್ತನಾಗಿದ್ದೆ. ಕಂಪನಿಯ ಪುಟ್ಟ ವಿಮಾನ ಮಳೆಗಾಲವೊಂದನ್ನು ಬಿಟ್ಟು ಉಳಿದ ತಿಂಗಳುಗಳಲ್ಲಿ ಮುಂಬಯಿಯಿಂದ ಪುಣೆಯ ಮೇಲೆ ಹಾಯ್ದು ಕೊಲ್ಲಾಪುರಕ್ಕೆ ಹೋಗಿ ತಿರುಗಿ ಬರುತ್ತಿತ್ತು. ಅದರಲ್ಲಿ ಐದು ಜನ ಕೂಡಬಹುದಿತ್ತು. ಹೆಚ್ಚಿನ ದಿನ ಮೂರು ಜಾಗ ಖಾಲಿ ಹಾರುತ್ತಿದ್ದವು.

ಆ ಮೂರು ಜಾಗ ತುಂಬಿಸುವುದಕ್ಕೆ ನಮ್ಮ ಮ್ಯಾನೇಜರ್ ಸಾಹೇಬರು ಒಂದು ಶಾಸ್ತ್ರ ಕಟ್ಟಿದ್ದರು. ಪ್ರಯಾಣಿಕರಲ್ಲಿ ಮೂರು ಬಗೆಯಂತೆ. ನಾಲ್ಕು ಜನ ತಮ್ಮನ್ನು ನೋಡಲಿ ಎನ್ನುವವರು, ಹೊತ್ತು ಉಳಿಯಲಿ ಎನ್ನುವವರು, ಪುಣ್ಯ ಬರಲಿ ಎನ್ನುವವರು. ಮೊದಲನೆಯವರಿಗಾಗಿ ಬರೆಸಿದ ಚಿತ್ರದಲ್ಲಿ ಹ್ಯಾಟು ಹಾಕಿದವನೊಬ್ಬ ವಿಮಾನದಿಂದ ಇಳಿಯುತ್ತಿದ್ದ, ಜನ ಹಾರ ಹಿಡಿದು ನಿಂತಿದ್ದರು. ಎರಡನೆಯದರಲ್ಲಿ ಒಬ್ಬ ವ್ಯಾಪಾರಿ, ಅವನ ತಲೆಯ ಮೇಲೆ ದೊಡ್ಡ ಗಡಿಯಾರ. ಮೂರನೆಯದರಲ್ಲಿ ವಿಮಾನದ ಕಿಟಕಿಯಿಂದ ಇಣುಕುವ ಮುದುಕ ಮುದುಕಿ, ಕೆಳಗೆ ದೇವಸ್ಥಾನದ ಶಿಖರ. ಮೂರಕ್ಕೂ ಮೇಲೆ ಇಂಗ್ಲಿಷಿನಲ್ಲಿ ಮೂರೇ ಶಬ್ದಗಳ ಒಂದು ಅಪ್ಪಣೆ ಇತ್ತು. ಅದನ್ನು ನಾನು ಎರಡೇ ಶಬ್ದಗಳಿಗೆ ಇಳಿಸಿದ್ದೆ: ‘ವಿಮಾನದಲ್ಲಿ ಹೋಗಿರಿ!’

ಹಾಗೆ ಇಳಿಸಲು ಕಾರಣವಿತ್ತು. “ನಿಮ್ಮ ಕನ್ನಡ ಬಹಳ ಜಾಗ ತಿನ್ನುತ್ತದೆ” ಎಂದು ಸಾಹೇಬರು ಯಾವಾಗಲೂ ಗೊಣಗುತ್ತಿದ್ದರು. ಕೊಲ್ಲಾಪುರದ ಸುತ್ತಿನ ಸಂಸ್ಥಾನಗಳಿಗೆಲ್ಲ ಮರಾಠಿ ಸಾಕು ಎಂಬುದು ಅವರ ಎಣಿಕೆ. ಕೃಷ್ಣೆಯ ಆಚೀಚೆ ಮನೆಮಾತು ಕನ್ನಡ ಎಂದು ನಾನು ಮೇಜು ಕುಟ್ಟಿ ವಾದಿಸಿದ ಮೇಲೆ ಒಂದು ಕರಾರು ಹಾಕಿದರು. ಬರುವ ಸೋಮವಾರದ ವಿಮಾನದಲ್ಲಿ ನನ್ನ ಕನ್ನಡ ಕಾಗದ ನೋಡಿ ಬಂದ ಒಬ್ಬ ಪ್ರಯಾಣಿಕನಾದರೂ ಕೊಲ್ಲಾಪುರದಲ್ಲಿ ಹತ್ತಬೇಕು. ಹತ್ತಿದರೆ ಕಂಪನಿಯ ಜಾಹೀರಾತಿನಲ್ಲಿ ಕನ್ನಡ ಉಳಿಯುತ್ತದೆ. ಇಲ್ಲದಿದ್ದರೆ ಅದು ಅಂದೇ ಮುಗಿಯಿತು, ನಾನು ಮರಾಠಿ ಕರಡು ತಿದ್ದುತ್ತ ಕೂಡಬೇಕು. ನನಗೆ ಸಿಕ್ಕಿದ್ದು ಆರು ದಿನ. ಒಬ್ಬನಲ್ಲ, ಐದು ಜನರನ್ನು ಹತ್ತಿಸುತ್ತೇನೆಂದು ಹೇಳಿ ಬಂದಿದ್ದೆ. ಬಾಯಿಗೆ ಬೀಗ ಹಾಕುವುದು ನನಗೆ ಹುಟ್ಟಾ ಬಾರದು.

ಬುಧವಾರ ಮಧ್ಯಾಹ್ನ ಕುಡಚಿ ನಿಲ್ದಾಣದಲ್ಲಿ ಇಳಿದೆ. ಸಂಕ್ರಾಂತಿ ಮುಗಿದು ಹತ್ತಾರು ದಿನಗಳಾಗಿದ್ದವು. ಗಾಳಿ ತಣ್ಣಗಿತ್ತು, ಬಿಸಿಲು ಚುರುಕಾಗಿತ್ತು, ರಸ್ತೆಯ ಎರಡೂ ಕಡೆ ಬಿಳಿಜೋಳ ಆಳೆತ್ತರ ನಿಂತಿತ್ತು. ತೇರದಾಳದ ಮೇಲೆ ಜಮಖಂಡಿಗೆ ಹೋಗುವ ಸರ್ವಿಸ್ ಮೋಟಾರಿಗೆ ಹತ್ತಾಣೆ ಕೊಟ್ಟೆ. ಅದರಲ್ಲಿ ಹದಿನಾಲ್ಕು ಜನಕ್ಕೆ ಪರವಾನಗಿ. ನಾನು ಎಣಿಸಿದಾಗ ಇಪ್ಪತ್ತೊಂದು, ಒಂದು ಆಡು ಬೇರೆ. ಆಡಿಗೆ ನನ್ನ ಸುರುಳಿಗಳ ಅಂಟಿನ ವಾಸನೆ ಹಿಡಿಸಿ ಅದನ್ನು ದೂರ ಇಡುವುದೇ ಒಂದು ಕೆಲಸವಾಯಿತು.

ರಬಕವಿಯಲ್ಲಿ ಮೋಟಾರು ಕಾಲು ತಾಸು ನಿಂತಿತು. ಊರಿಡೀ ಮಗ್ಗದ ಸಪ್ಪಳ. ಮನೆಯ ಹೊರಗೆ ಹಾಸು ಹಾಕಿ ನೂಲಿಗೆ ಗಂಜಿ ಹೊಡೆಯುತ್ತಿದ್ದರು. ಇಲ್ಲಿ ನನಗೆ ರಾಚಪ್ಪ ಎಂಬ ಸೀರೆ ವ್ಯಾಪಾರಿಯ ಗುರುತು ಸಿಕ್ಕಿತ್ತು. ಅವರ ಅಂಗಡಿ ರಬಕವಿಯಲ್ಲಿ, ಮನೆ ಪಕ್ಕದ ಬನಹಟ್ಟಿಯಲ್ಲಿ. ಎರಡು ಊರುಗಳ ನಡುವೆ ನಡೆದು ಹೋಗುವಷ್ಟೇ ದೂರ, ಆದರೆ ಒಂದು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಇನ್ನೊಂದು ಜಮಖಂಡಿಗೆ. ರಾಚಪ್ಪ ಸಂತೆಗೆ ಹೋಗಿದ್ದರು. ಅವರ ಮಗ್ಗದ ನೇಕಾರನೊಬ್ಬ ಅಂಗಡಿಯಲ್ಲಿದ್ದ. ಮೂರನೆಯ ಬಗೆಯ ಕಾಗದಗಳ ಸುರುಳಿಯಿಂದ ಅರ್ಧ ತೆಗೆದು ಅವನ ಕೈಗಿತ್ತು, ಎರಡೂ ಊರಲ್ಲಿ ಅಂಟಿಸುತ್ತೀಯಾ ಎಂದು ಕೇಳಿದೆ.

“ಗಂಜಿ ಮನ್ಯಾಗನ ಐತ್ರಿ. ಗ್ವಾಡಿ ಬಿಡೂದುಲ್ಲ ನೋಡ್ರಿ” ಎಂದ ಅವನು. “ಏನ ಬರದೀರಿ ಇದರಾಗ? ನನಗ ಓದಾಕ ಬರೂದುಲ್ಲ.”

“ಮುದುಕರು ಆರಾಮಾಗಿ ಹೋಗುವ ವಾಹನ” ಎಂದೆ. ಮೋಟಾರಿನವನು ಹಾರ್ನು ಹೊಡೆದ. ಓಡಿ ಹೋಗಿ ಹತ್ತಿದೆ.

ಜಮಖಂಡಿ ಮುಟ್ಟಿದ ಸಂಜೆಯೇ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ, ತುಂಬುಗಾಯಿ ಬದನೆ, ಗುರೆಳ್ಳು ಚಟ್ನಿ ಉಂಡೆ. ನಾವು ಕರಾವಳಿಯವರು ಗಂಜಿ ಅನ್ನದ ಜನ. ಆ ರೊಟ್ಟಿಯ ಮುಂದೆ ಸೋತು ಶರಣಾದೆ. ಗುರುವಾರ ಬೆಳಿಗ್ಗೆ ಪೇಟೆಯ ದೊಡ್ಡ ಅರಿವೆ ಅಂಗಡಿಗೆ ಹೋದೆ. ಮಾಲಕರು ಐವತ್ತರ ಆಸುಪಾಸಿನವರು, ಗಾದಿಯ ಮೇಲೆ ಕೂತು ಗಿರಾಕಿಗಳಿಗೆ ಕೈಯಳತೆಯಲ್ಲಿ ಸೀರೆ ತೋರಿಸುತ್ತಿದ್ದರು. ಎರಡನೆಯ ಬಗೆಯ ಕಾಗದ ಬಿಡಿಸಿ ಅವರ ಮುಂದೆ ಹಾಸಿದೆ. ‘ಮುಂಜಾನೆ ಕೊಲ್ಲಾಪುರದಲ್ಲಿ ಚಹ, ಮಧ್ಯಾಹ್ನ ಮುಂಬಯಿಯಲ್ಲಿ ಊಟ’ ಎಂದು ಅದರಲ್ಲಿತ್ತು. ಆ ಸಾಲು ಬರೆದ ದಿನ ನಾನು ಸ್ವಂತ ದುಡ್ಡಿನಲ್ಲಿ ಪೇಢೆ ತಿಂದಿದ್ದೆ.

ಅವರು ಗಡಿಯಾರದ ಚಿತ್ರ ನೋಡಿ ನಕ್ಕರು. “ಮಾಸ್ತರ, ನೀವು ವ್ಯಾಪಾರ ಮಾಡಿಲ್ಲ ಕಾಣಸ್ತೈತಿ. ನಾ ಮುಂಬೈಗಿ ಹಾರಿ ಹೋದನಿ ಅಂತ ತಿಳೀರಿ. ಅಲ್ಲಿ ದಲಾಲಿ ಏನ ಅಂತಾನ? ‘ಇಂವಗ ಅವಸರ ಐತಿ, ಮಾಲ ಹೋಗವಲ್ದು’ ಅಂತಾನ. ಭಾವ ಕಡಿಮಿ ಕೇಳ್ತಾನ. ಅದಕ್ಕ ನಾವು ರೇಲ್ವೆದಾಗ ಹೋಗಿ, ಎರಡ ದಿನ ಛತ್ರದಾಗ ಉಳದು, ಮೂರನೇ ದಿನ ಸಾವಕಾಶ ಅಂವನ ಅಂಗಡಿ ಹತ್ತತೇವಿ. ತಡಾ ಮಾಡಿದಷ್ಟ ಮರ್ಯಾದಿ.”

ಸಾಹೇಬರ ಶಾಸ್ತ್ರದ ಒಂದು ಕಾಲು ಅಲ್ಲಿಯೇ ಮುರಿಯಿತು. ಹೋಗಲಿ, ಯಾತ್ರೆಯ ಕಾಗದವನ್ನಾದರೂ ನಿಮ್ಮ ಅಂಗಡಿಯ ಗೋಡೆಗೆ ಅಂಟಿಸಲೇ ಎಂದು ಅದನ್ನು ಬಿಡಿಸಿದೆ. ಅವರು ಓದಿದರು. ಮುಖದ ನಗೆ ಹೋಯಿತು.

“ಬ್ಯಾಡ್ರಿ. ಮನ್ಯಾಗ ಮುದುಕರದಾರ” ಎಂದು ಮೆಲ್ಲಗೆ ಹೇಳಿ ಕಾಗದವನ್ನು ತಾವೇ ಸುತ್ತಿ ಕೊಟ್ಟರು.

ನಾನೇನು ತಿಳಿದೆ? ಕಾಗದ ನೋಡಿದರೆ ಮನೆಯ ಮುದುಕರು ‘ನಮ್ಮನ್ನೂ ಕಳಿಸು’ ಎಂದು ಹಟ ಹಿಡಿದಾರು ಎಂಬ ಹೆದರಿಕೆ ಎಂದು ತಿಳಿದೆ! ಎದೆಯುಬ್ಬಿತು. ನನ್ನ ಬರಹಕ್ಕೆ ಇಷ್ಟು ಶಕ್ತಿಯೇ ಎಂದು ಬೀಗುತ್ತ ಮತ್ತೆರಡು ಅಂಗಡಿ ಹತ್ತಿದೆ. ಅಲ್ಲಿಯೂ ಅದೇ ಉತ್ತರ. ಒಂದು ಕಡೆ ಅಜ್ಜಿಯೊಬ್ಬಳು ನಾನು ಕಾಗದ ಇಟ್ಟಿದ್ದ ಕಟ್ಟೆಯ ಮೇಲೆ ಚೊಂಬಿನಿಂದ ನೀರು ಸುರಿದಳು. ಈ ಊರಿನಲ್ಲಿ ಎಷ್ಟು ಶುಚಿ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಆ ಪುಟ ಇನ್ನೂ ನನ್ನ ಹತ್ತಿರ ಇದೆ, ತೆಗೆದು ನೋಡಿದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಶುಕ್ರವಾರ ಮುಧೋಳ. ಹನ್ನೆರಡು ಮೈಲಿನ ದಾರಿ, ಘಟಪ್ರಭೆಯ ಹಸಿರು ಕಾಣುತ್ತಲೇ ಜೀವ ತಂಪಾಯಿತು. ಇಲ್ಲಿ ಮೊದಲ ಬಗೆಯ ಪ್ರಯಾಣಿಕರೊಬ್ಬರು ಸಿಕ್ಕರು: ಬೇಟೆಯ ಗೀಳಿನ ಇನಾಮದಾರರು. ಅಂಗಳದಲ್ಲಿ ಉದ್ದ ಮೂತಿಯ, ಸಣ್ಣ ನಡುವಿನ ಎರಡು ಬೇಟೆನಾಯಿಗಳು ಅವರ ಕುರ್ಚಿಯ ಎರಡು ಬದಿಗೆ ನಿಂತಿದ್ದವು. ನನ್ನನ್ನು ನೋಡಿದ ನೋಟದಲ್ಲಿ ಒಡೆಯನಿಗೂ ನಾಯಿಗಳಿಗೂ ವ್ಯತ್ಯಾಸ ಇರಲಿಲ್ಲ. ಹಾರ ಹಿಡಿದು ನಿಂತ ಜನರ ಚಿತ್ರ ಅವರಿಗೆ ಹಿಡಿಸಿತು.

“ಹತ್ತಿದವರ ಹೆಸರು ಪತ್ರಿಕಾದಾಗ ಬರತೈತೇನು?” ಎಂದರು.

ಬರುವಂತೆ ಮಾಡಬಹುದು ಎಂದೆ.

“ನಾಯಿಗೆ ಕಿಡಿಕಿ ಬಾಜೂಕ ಜಾಗಾ ಸಿಗತೈತಿ?”

ನಾಯಿಗೆ ಅವಕಾಶವಿಲ್ಲ ಎಂದೆ. ಅವರು ಕಾಗದವನ್ನು ತಿರುಗಿ ನನ್ನ ಕೈಗಿಟ್ಟರು. “ಹಂಗಾರ ನನ್ನ ಗುರುತ ಹಿಡಿಯವ್ರ ಯಾರು? ಈ ನಾಯಿ ನೋಡೇ ಮಂದಿ ನನಗ ಕೈ ಮುಗಿತಾರ” ಎಂದರು. ಅಷ್ಟು ಖರೆ ಮಾತನ್ನು ಅಷ್ಟು ಸಲೀಸಾಗಿ ಹೇಳಿದ ಶ್ರೀಮಂತರನ್ನು ನಾನು ಮತ್ತೆ ಕಂಡಿಲ್ಲ. ಒಂದು ತಟ್ಟೆ ಸೀತನಿ, ಎಂದರೆ ಸುಟ್ಟ ಎಳೆ ಜೋಳದ ಕಾಳು, ಬೆಲ್ಲದ ಜೊತೆ ತರಿಸಿ ಕೊಟ್ಟು ಕಳಿಸಿದರು. ಹೊಟ್ಟೆ ತುಂಬಿತು, ವಿಮಾನ ತುಂಬಲಿಲ್ಲ.

ಉಳಿದದ್ದು ಶನಿವಾರ ಮತ್ತು ರವಿವಾರ. ಬೀಳಗಿ ಕಡೆ ತಿರುಗಿದೆ. ದಾರಿಯಲ್ಲಿ ಕೃಷ್ಣೆಯ ದಂಡೆಗಿರುವ ಗಲಗಲಿಗೆ ಹತ್ತು ಗಂಟೆಯ ಹೊತ್ತಿಗೆ ಮುಟ್ಟಿದೆ. ಹೊಳೆಯಲ್ಲಿ ಮುಖ ತೊಳೆದು ಬೇವಿನ ನೆರಳಿಗೆ ಬರುವಾಗ ಒಂದು ಮನೆಯ ಮುಂದೆ ಏಳೆಂಟು ಜನ ಗಂಡಸರು ಬಿದಿರು ಸೀಳಿ ಏನನ್ನೋ ಕಟ್ಟುತ್ತಿರುವುದು ಕಂಡಿತು. ಬಾಳೆಯ ದಿಂಡು, ಚೆಂಡುಹೂ, ಜರಿಯಂಚಿನ ಹಸಿರು ಸೀರೆ; ಬಹಳ ಚೆಂದ ಕಾಣುತ್ತಿತ್ತು. ಕೈಯಲ್ಲಿ ಕುಡಗೋಲು ಹಿಡಿದಿದ್ದ ನಡುವಯಸ್ಸಿನವನನ್ನು ಕೇಳಿದೆ, “ಏನು ಕಟ್ಟುತ್ತಿದ್ದೀರಿ?”

“ವಿಮಾನ ಕಟ್ಟಾಕತ್ತೇವ್ರಿ.”

ನನ್ನ ಮೈ ಝುಮ್ಮೆಂದಿತು. ಈ ಮೂಲೆಯ ಊರಿನ ತನಕ ನಮ್ಮ ವಿಮಾನದ ಸುದ್ದಿ ಹಬ್ಬಿದೆ, ಹುರುಪಿನ ಜನ ಅದರ ಮಾದರಿಯನ್ನೇ ಕಟ್ಟುತ್ತಿದ್ದಾರೆ! ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

“ನೀವೇ ಕಟ್ಟುತ್ತೀರಾ?”

“ಮತ್ತ್ಯಾರ ಕಟ್ಟತಾರ್ರಿ? ಎರಡ ತಾಸಿನ್ಯಾಗ ಆಗತೈತಿ.”

“ಎಷ್ಟು ಜನ ಕೂಡಬಹುದು?”

ಅವನು ಕುಡಗೋಲು ನಿಲ್ಲಿಸಿ ನನ್ನನ್ನು ನೋಡಿದ. “ಒಬ್ಬರ ಕುಂಡ್ರತಾರ್ರಿ. ನಮ್ಮ ಹಿರ್ಯಾರು.”

“ಅವರಿಗೆ ಹೆದರಿಕೆ ಆಗುವುದಿಲ್ಲವೇ?”

“ಇನ್ನ ಹೆದರೂದೇನ ಉಳದೈತ್ರೀ?” ಎಂದು ಅವನು ಕಣ್ಣೊರೆಸಿಕೊಂಡ.

ಆಗ ತಲೆಯೆತ್ತಿ ನೋಡಿದೆ. ಪಡಸಾಲೆಯ ಗೋಡೆಗೆ ಆನಿಸಿ ಒಬ್ಬ ಮುದುಕರನ್ನು ಕೂಡಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಹೊಸ ಪಟಗ, ಕೊರಳಲ್ಲಿ ಹೂವಿನ ಹಾರ. ಮೂಗಿನಲ್ಲಿ ಅರಳೆ ಇಟ್ಟಿದ್ದರು. ಒಳಗೆ ಹೆಂಗಸರು ಅಳುವ ಧ್ವನಿ ನನಗೆ ಆಗ ಕೇಳಿಸಿತು. ಅದು ಮೊದಲಿನಿಂದಲೂ ಇದ್ದಿರಬೇಕು. ನನ್ನ ಉತ್ಸಾಹದ ಗದ್ದಲದಲ್ಲಿ ಕಿವಿಗೆ ಬಿದ್ದಿರಲಿಲ್ಲ.

ಈ ಸೀಮೆಯ ಲಿಂಗವಂತರು ತೀರಿಕೊಂಡವರನ್ನು ಮಲಗಿಸುವುದಿಲ್ಲ. ಶೃಂಗರಿಸಿದ ಮಂಟಪದಲ್ಲಿ ಕೂಡಿಸಿ, ಭಜನೆ ಮಾಡುತ್ತ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಆ ಮಂಟಪಕ್ಕೆ ಇಲ್ಲಿ ವಿಮಾನ ಎನ್ನುತ್ತಾರೆ. ಕುಮಟೆಯ ಕೂಸಾದ ನನಗೆ ಇದು ಯಾವ ಪುಸ್ತಕದಲ್ಲಿಯೂ ಸಿಕ್ಕಿರಲಿಲ್ಲ. ಎದ್ದು ನಿಂತು ಎರಡೂ ಕೈ ಜೋಡಿಸಿ ತಪ್ಪಾಯಿತು ಎಂದೆ. ಆ ಜನ ಸಿಟ್ಟಾಗಲಿಲ್ಲ. “ಇರ್ಲಿ ಬಿಡ್ರಿ, ಪರಊರವ್ರು” ಎಂದ ಕುಡಗೋಲಿನವನು. ನಾನೂ ನಾಲ್ಕು ಹೂವು ಏರಿಸಿ ನಮಸ್ಕಾರ ಮಾಡಿದೆ.

ಬೇವಿನ ಕೆಳಗೆ ಬಂದು ನನ್ನ ಮೂರನೆಯ ಕಾಗದವನ್ನು ಈ ಊರಿನವನ ಕಣ್ಣಿನಿಂದ ಓದಿದೆ. ‘ವಿಮಾನದಲ್ಲಿ ಹೋಗಿರಿ! ಮಕ್ಕಳೇ, ಹಿರಿಯರ ಋಣ ತೀರಿಸಿರಿ. ಅವರನ್ನು ವಿಮಾನದಲ್ಲಿ ಕೂಡಿಸಿ ಕಳಿಸಿರಿ. ಊರ ಜನ ನಿಂತು ನೋಡಲಿ. ಅರಳೆಯನ್ನು ಕಂಪನಿಯೇ ಕೊಡುತ್ತದೆ.’

ಅರಳೆ ಕಿವಿಗೆ, ಎಂಜಿನ್ನಿನ ಸಪ್ಪಳ ತಡೆಯಲಿಕ್ಕೆ. ಆದರೆ ‘ಕಿವಿಗೆ’ ಎಂಬುದನ್ನು ನಾನೇ ಹೊಡೆದುಹಾಕಿದ್ದೆ, ಸಾಹೇಬರ ಜಾಗ ಉಳಿಸಲು!

ರಬಕವಿ ಬನಹಟ್ಟಿಗಳಲ್ಲಿ ಒಂದು ಗೋಡೆಯನ್ನೂ ಬಿಡುವುದಿಲ್ಲ ಎಂದಿದ್ದ ಆ ನೇಕಾರನ ನೆನಪಾಯಿತು. ಬೀಳಗಿ ಅಲ್ಲಿಗೇ ಬಿಟ್ಟೆ. ಜೋಳದ ಚೀಲದ ಚಕ್ಕಡಿಯಲ್ಲಿ ಜಮಖಂಡಿ ಮುಟ್ಟಿ, ರವಿವಾರ ನಸುಕಿನ ಮೋಟಾರಿಗೆ ಬನಹಟ್ಟಿಯಲ್ಲಿ ಇಳಿದೆ. ಕನ್ನಡ ಉಳಿಸುವ ಮಾತು ಮರೆತೇ ಹೋಗಿತ್ತು, ನನ್ನ ಬೆನ್ನು ಉಳಿದರೆ ಸಾಕಿತ್ತು.

ರಾಚಪ್ಪನವರ ಮನೆ ಯಾವುದು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಬಾಗಿಲ ಪಕ್ಕದಲ್ಲೇ ನನ್ನ ಕಾಗದ ರಾರಾಜಿಸುತ್ತಿತ್ತು. ಒಡೆಯನ ಮೇಲಿನ ಅಭಿಮಾನದಿಂದ ನೇಕಾರ ಮೊದಲ ಕಾಗದವನ್ನು ಅಲ್ಲಿಗೇ ಅಂಟಿಸಿದ್ದ. ನೂಲಿನ ಗಂಜಿಯ ಹಿಡಿತ. ಕಿತ್ತರೆ ಗೋಡೆಯ ಮಣ್ಣೇ ಬರುತ್ತಿತ್ತು. ಒಂದು ಮೂಲೆ ಕೆರೆದು ಸೋತದ್ದು ಕಾಣುತ್ತಿತ್ತು. ರಾಚಪ್ಪ ಹೊರಗೆ ಬಂದರು, ನಲವತ್ತೈದರ ಗಟ್ಟಿ ಆಳು.

“ನೀವೇನ್ರಿ ಇದನ್ನ ಬರದವ್ರು?”

“ನಾನೇ” ಎಂದೆ.

“ಬರ್ರಿ ಒಳಗ. ಏನ ಮಾಡೀರಿ ಗೊತ್ತೈತೇನ ನಿಮಗ? ಓದಬಲ್ಲಾಂವ ಒಬ್ಬ ಇದನ್ನ ಓದಿ ಹೇಳ್ಯಾನ. ‘ರಾಚಪ್ಪನ ಮನ್ಯಾಗ ಹಿರ್ಯಾರನ್ನ ವಿಮಾನದಾಗ ಕುಂಡ್ರಸತಾರಂತ’ ಅಂತ ಊರ ತುಂಬ ಆತು. ನಮ್ಮವ್ವ ಹ್ವಾದ್ಲಂತ ಮಂದಿ ಅಳಕೋತ ಬಂದ್ರು. ಭಜನಿಯವ್ರು ತಾಳಾ ಹಿಡಕೊಂಡ ಬಂದ್ರು. ಬಾಗಲಾ ತೆಗದಾಕಿ ಯಾರು? ನಮ್ಮವ್ವನ!”

ಅಷ್ಟರಲ್ಲಿ ಒಳಗಿನಿಂದ ಗಟ್ಟಿ ನಗೆ ಕೇಳಿತು. ಮಿನುಗುವ ಕಣ್ಣಿನ, ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಮೊಳಕಾಲು ಹಿಡಿದುಕೊಂಡು ಬಂದು ಹೊಸ್ತಿಲ ಹತ್ತಿರ ಕೂತಳು. ರಾಚಪ್ಪನವರ ತಾಯಿ ನೀಲವ್ವ.

“ಬಾ ತಮ್ಮಾ. ನಿನ್ನ ಕಾಗದದ ಪುಣ್ಯೇದಿಂದ ಯಾರ್ಯಾರು ಖರೇ ಅತ್ರು, ಯಾರು ಸೆರಗಿನ್ಯಾಗ ಮುಖಾ ಮುಚ್ಚಿ ಸುಮ್ನ ನಿಂತ್ರು, ಎಲ್ಲಾ ನಾ ಕಣ್ಣಿಲೆ ನೋಡಿದ್ನಿ. ಇಷ್ಟ ಭಾಗ್ಯ ಯಾರಿಗ ಸಿಗತೈತಿ?”

ಜೀವ ಬಂತು. ಕಾಗದಗಳನ್ನೆಲ್ಲ ನಾನೇ ಕೆರೆದು ತೆಗೆಯುತ್ತೇನೆ, ಇಲ್ಲವೇ ‘ವಿಮಾನ’ದ ಜಾಗದಲ್ಲಿ ‘ಹಾರುವ ಮೋಟಾರು’ ಎಂದು ಬರೆಯುತ್ತೇನೆ ಎಂದೆ. ನೀಲವ್ವ ಕೈಯಾಡಿಸಿದಳು.

“ಶಬ್ದ ಛಲೋ ಐತಿ, ಇರಲಿ. ಸತ್ತವ್ರಿಗಷ್ಟ ಯಾಕ ಬಿಟ್ಟ ಕೊಡಬೇಕ ಅದನ್ನ? ಅದಿರ್ಲಿ, ಖರೇನ ಇದು ನಾಳೆ ಮುಂಬೈಗಿ ಹೋಗತೈತಿ?”

ಹೋಗುತ್ತದೆ, ಎರಡು ಎರಡೂವರೆ ತಾಸಿನಲ್ಲಿ ಮುಟ್ಟುತ್ತದೆ ಎಂದೆ. ಅವಳು ಮಗನ ಮುಖ ನೋಡಿದಳು. ಮುಂಬಯಿಯ ಗಿರಗಾವಿನಲ್ಲಿದ್ದ ಅವಳ ಮಗಳು ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹಡೆದಿದ್ದಳು. ಮಂಗಳವಾರ ತೊಟ್ಟಿಲಿಗೆ ಹಾಕುವುದಿತ್ತು. ಕೂಸಿಗೆಂದು ನೀಲವ್ವ ತಾನೇ ಮಗ್ಗಕ್ಕೆ ಕೂತು ಒಂದು ತೊಟ್ಟಿಲ ಅರಿವೆ ನೇಯ್ದಿದ್ದಳು. ಆದರೆ ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಕಾಲು ಮಡಚಿ ಕೂಡಲು ಆ ಮೊಳಕಾಲು ಕೇಳುವಂತಿರಲಿಲ್ಲ. ಅರಿವೆಯನ್ನು ಅಂಚೆಯಲ್ಲಿ ಕಳಿಸುವುದೆಂದು ಗೊತ್ತಾಗಿ, ಅದು ಎರಡು ದಿನಗಳಿಂದ ಗೋಡೆಯ ಮಾಡದಲ್ಲಿ ಕೂತಿತ್ತು.

“ನಾ ಹೋಗಾಕಿ” ಎಂದಳು ನೀಲವ್ವ.

“ಯವ್ವಾ, ಮಂದಿ ಏನ ಅಂದಾರು? ರಾಚಪ್ಪ ಜೀವಂತ ತಾಯೀನ ವಿಮಾನದಾಗ ಕುಂಡ್ರಿಸಿದ ಅನ್ನೂದುಲ್ಲೇನು?”

“ಲೇ ರಾಚಾ, ಮಂದಿ ಮೊನ್ನೆನ ಬಂದು ಅತ್ತ ಹ್ವಾದ್ರು. ಇನ್ನೇನ ಅನ್ನೂದು ಉಳದೈತಿ ಅವ್ರಿಗೆ? ಎಲ್ಲಾರೂ ಸತ್ತ ಮ್ಯಾಲೆ ವಿಮಾನ ಏರತಾರ. ನಾ ಕಣ್ಣ ತೆರದಾಗ ಏರತೇನಿ.” ನನ್ನ ಕಡೆ ತಿರುಗಿದಳು. “ನೀ ಕುಂತೀಯೇನು ಅದರಾಗ?”

ಐದು ದಿನಗಳಿಂದ ಆ ಪ್ರಶ್ನೆಯನ್ನು ತಪ್ಪಿಸಿಕೊಂಡು ಬಂದಿದ್ದೆ. ಅವಳಿಗೆ ಸುಳ್ಳು ಹೇಳಲಾಗಲಿಲ್ಲ. “ಇಲ್ಲವ್ವಾ. ಹತ್ತಿರ ನಿಂತು ನೋಡಿದ್ದೇನೆ ಅಷ್ಟೇ.”

“ತಾ ಕುಂಡ್ರದ ಮಂದಿಗೆ ಕುಂಡ್ರಸತಾನ!” ಎಂದು ನಕ್ಕಳು. “ಇರ್ಲಿ. ಮ್ಯಾಲೆ ದಪ್ಪ ಅಕ್ಷರದಾಗ ಏನ ಬರದಿ, ಓದು.”

“ವಿಮಾನದಲ್ಲಿ ಹೋಗಿರಿ.”

“ಮುಂದ?”

“ಅಷ್ಟೇ ಅವ್ವಾ.”

“ಅಯ್ಯ, ಬರೂದ ಎಲ್ಲೈತಿ? ಮನಿಗಿ ಬಂದವ್ರಿಗೆ ಯಾರರ ‘ಹೋಗ್ರಿ’ ಅಂತಾರೇನು? ‘ಹೋಗಿ ಬರ್ರಿ’ ಅಂತೇವಿ. ಸಂತಿಗಿ ಹೋಗೂ ಮಗನೂ ‘ಹೋಗಿ ಬರತೇನವ್ವಾ’ ಅಂತಾನ. ಬರೇ ಹೋಗೂ ವಿಮಾನ ಅಂದ್ರ ಅದು ಒಂದ. ಮಂದಿ ಅತ್ತದ್ದು ವಿಮಾನಕ್ಕಲ್ಲ ತಮ್ಮಾ, ನಿನ್ನ ‘ಹೋಗಿರಿ’ಗೆ.”

ನಾನು ಎದ್ದು ಹೋಗಿ ಕಾಗದದ ಮುಂದೆ ನಿಂತೆ. ಎಳೆಯಂದಿನಿಂದ ನನ್ನ ತಾಯಿಯ ಬಾಯಲ್ಲಿ ಕೇಳಿದ ಮಾತು! ಕುಮಟೆಯಲ್ಲಿಯೂ ಯಾರೂ ಹೋಗುತ್ತೇನೆ ಎಂದು ಮನೆ ಬಿಡುವುದಿಲ್ಲ. ಇಂಗ್ಲಿಷಿನ ಮೂರು ಶಬ್ದ ನೋಡುತ್ತ ಅದಕ್ಕಿಂತ ಗಿಡ್ಡ ಮಾಡುವ ಹಟದಲ್ಲಿ ನನ್ನ ಮನೆಯ ಮಾತನ್ನೇ ಹೊರಗೆ ಬಿಟ್ಟಿದ್ದೆ. ನಾಚಿಕೆಯೂ ಆಯಿತು, ಕುಣಿಯುವಷ್ಟು ಸಂತೋಷವೂ ಆಯಿತು. ಏಕೆಂದರೆ ತಪ್ಪು ತಿದ್ದಲು ಕಾಗದ ಕೀಳಬೇಕಿರಲಿಲ್ಲ, ಒಂದೇ ಅಕ್ಷರ, ಒಂದು ಒತ್ತು ಸಾಕಾಗಿತ್ತು.

ರಾಚಪ್ಪನವರ ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುವ ಕಡಾಯಿ ಇತ್ತು. ಒಂದು ಬಟ್ಟಲು ನೀಲಿ ತುಂಬಿಕೊಂಡು, ಬೇವಿನ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿದೆ. ‘ಹೋಗಿ’ ಮತ್ತು ‘ರಿ’ ನಡುವೆ, ಕರಡು ತಿದ್ದುವವರು ಬಿಟ್ಟುಹೋದ ಅಕ್ಷರಕ್ಕೆ ಹಾಕುವ ಹಂಸಪಾದದ ಗುರುತು ಹಾಕಿ, ಅದರ ಮೇಲೆ ಅಂಗೈಯಗಲದ ‘ಬ’ ಬರೆದು, ‘ರಿ’ಗೆ ಕೆಳಗೊಂದು ಒತ್ತು ಎಳೆದೆ. ವಿಮಾನದಲ್ಲಿ ಹೋಗಿ ಬರ್ರಿ! ಕೆಳಗೆ ಅರಳೆಯ ಹಿಂದೆ ‘ಕಿವಿಗೆ’ ಎಂದು ಸೇರಿಸಿದೆ. ನೇಕಾರನನ್ನು ಕರೆದುಕೊಂಡು ಎರಡೂ ಊರಿನ ಗೋಡೆ ಗೋಡೆಗೆ ಓಡಿದೆ. ಮಗ್ಗ ಬಿಟ್ಟು ಜನ ಹಿಂದೆ ಬಂದರು. ಪ್ರತಿ ಗೋಡೆಯ ಮುಂದೆ ನಾನು ‘ಬ’ ಬರೆದ ಕೂಡಲೇ ಯಾರಾದರೊಬ್ಬರು ಗಟ್ಟಿಯಾಗಿ ಓದುವರು, ಉಳಿದವರು ನಗುವರು. “ಹಂಗ ಅನ್ನ ಮತ್ತ!” ಎಂದು ಒಬ್ಬ ಮುದುಕ ನನ್ನ ಬೆನ್ನು ಚಪ್ಪರಿಸಿದ. ಗಂಟೆ ಹನ್ನೊಂದಾಗುವಷ್ಟರಲ್ಲಿ ನನ್ನ ಕೈ ಮೊಳಕೈತನಕ ನೀಲಿಯಾಗಿತ್ತು.

ತಿರುಗಿ ಬಂದಾಗ ರಾಚಪ್ಪ ಹೊಸ ರುಮಾಲು ಸುತ್ತಿಕೊಳ್ಳುತ್ತಿದ್ದರು. “ನಡೀರಿ ಮಾಸ್ತರ. ಬರತೈತಿ ಅಂತ ಬರದೀರಿ ಅಂದ್ರ ಕಳಸತೇನಿ” ಎಂದರು.

ಮಧ್ಯಾಹ್ನದ ಮೋಟಾರಿಗೆ ಕುಡಚಿ, ಅಲ್ಲಿಂದ ಗಾಡಿ ಹತ್ತಿ ಮಿರಜಿನ ಮೇಲೆ ಕೊಲ್ಲಾಪುರ. ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾವು ಮೂವರೂ ವಿಮಾನದ ಮೈದಾನದಲ್ಲಿದ್ದೆವು. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಮೇಲೊಂದು ಕೆಳಗೊಂದು ರೆಕ್ಕೆಯ ನಮ್ಮ ವಿಮಾನ ನಿಂತಿತ್ತು. ನೀಲವ್ವ ಅದರ ಸುತ್ತ ಒಂದು ಸುತ್ತು ಬಂದಳು, ರೆಕ್ಕೆಗೆ ಬಿಗಿದ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. “ಅರಿವಿ ಬಿಗಿ ಐತಿ. ಗಂಜಿ ಛಲೋ ಕುಡದೈತಿ” ಎಂದು ಒಪ್ಪಿಗೆ ಕೊಟ್ಟಳು. ಮುಂಬ​ಯಿಯಲ್ಲಿ ಅಳಿಯ ಬಂದು ಇಳಿಸಿಕೊಳ್ಳುವಂತೆ ತಾರು ಹೋಗಿತ್ತು. ತೊಟ್ಟಿಲ ಅರಿವೆಯ ಗಂಟು ಅವಳ ಕಂಕುಳಲ್ಲಿತ್ತು.

ಕಂಪನಿಯ ಆಳು ತಟ್ಟೆಯಲ್ಲಿ ಅರಳೆಯ ಉಂಡೆಗಳನ್ನು ತಂದು ಅವಳ ಮುಂದೆ ಹಿಡಿದ. ರಾಚಪ್ಪ ಅರಳೆಯನ್ನು ನೋಡಲಾರದೆ ಮುಖ ತಿರುಗಿಸಿದರು. ನೀಲವ್ವ ಎರಡು ಉಂಡೆ ತೆಗೆದುಕೊಂಡು, ಎಳೆ ಬಿಡಿಸಿ ನೋಡಿ, ಎರಡು ಕಿವಿಗೆ ಇಟ್ಟುಕೊಂಡಳು.

“ಕಿವಿಗಷ್ಟ” ಎಂದಳು. “ಮೂಗಿಗೆ ಇನ್ನೂ ವ್ಯಾಳೇ ಐತಿ.”

ರಾಚಪ್ಪ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಮೆಟ್ಟಿಲೇರಿ ಬಾಗಿಲಲ್ಲಿ ನಿಂತು ಅವಳು ತಿರುಗಿ ನೋಡಿದಳು. ಎಂಜಿನ್ನಿನ ಅಬ್ಬರದಲ್ಲಿ ಮಾತು ಕೇಳಿಸಲಿಲ್ಲ, ಆದರೆ ತುಟಿ ಆಡಿದ್ದು ಕಂಡಿತು. ಅದೇನೆಂದು ಕನ್ನಡದ ಯಾರಿಗೂ ಹೇಳಬೇಕಾಗಿಲ್ಲ.

ವಿಮಾನ ಓಡಿತು, ಎದ್ದಿತು, ಬೆಳಗಿನ ಬಿಸಿಲಲ್ಲಿ ಒಂದು ಸಲ ವಾಲಿ ವಾಯವ್ಯಕ್ಕೆ ತಿರುಗಿತು. ಪಕ್ಕದಲ್ಲಿ ನೋಡಿದರೆ ರಾಚಪ್ಪನವರ ಎರಡೂ ಕೈಗಳು, ವಿಮಾನಕ್ಕೆ ಕೈ ಮುಗಿಯುವ ಊರ ರೂಢಿಯಂತೆ, ಎದೆಯ ಮುಂದೆ ಜೋಡಿಸಿಕೊಂಡಿದ್ದವು. ನಾನು ಅವುಗಳನ್ನು ಹಿಡಿದು ಬಿಡಿಸಿದೆ. “ಕೈ ಬೀಸಿರಿ ರಾಚಪ್ಪನವರೇ, ಬೀಸಿರಿ!” ಎಂದು ಕೂಗಿದೆ. ಅವರು ರುಮಾಲನ್ನೇ ಬಿಚ್ಚಿ ಬೀಸತೊಡಗಿದರು. ವಿಮಾನ ಕಾಣದಾದ ಮೇಲೂ ಬೀಸುತ್ತಿದ್ದರು.

ನಾನು ರೈಲಿನಲ್ಲಿ ಬಂದವನು. ಬುಧವಾರ ಕಚೇರಿ ಮುಟ್ಟಿದೆ. ಒಬ್ಬ ಪ್ರಯಾಣಿಕ ಹತ್ತಿದ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಸಾಹೇಬರು ನಾನು ತಂದ ಕಾಗದವನ್ನು ಬಿಡಿಸಿ, ನೀಲಿ ‘ಬ’ದ ಮೇಲೆ ಬೆರಳಿಟ್ಟರು.

“ಇದೇನು ಮತ್ತೊಂದು ಅಕ್ಷರ? ಮೊದಲೇ ಜಾಗವಿಲ್ಲ.”

“ಆ ಅಕ್ಷರ ಇಲ್ಲದಿದ್ದರೆ ಪ್ರಯಾಣಿಕರು ತಿರುಗಿ ಬರುವುದಿಲ್ಲ ಸಾಹೇಬರೇ.”

ಅವರು ಕನ್ನಡಕ ತೆಗೆದು ನನ್ನನ್ನೂ ನನ್ನ ನೀಲಿ ಕೈಯನ್ನೂ ನೋಡಿದರು. “ಹತ್ತಿದ ಆ ಪ್ರಯಾಣಿಕರು ನಮ್ಮ ಮೂರರಲ್ಲಿ ಯಾವ ಬಗೆ?”

“ಮೂರರಲ್ಲಿ ಯಾವುದೂ ಅಲ್ಲ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಲು ಬಂದವರು. ಬರುವ ಸೋಮವಾರ ತಿರುಗಿ ಹೋಗುತ್ತಾರೆ.”

ಸಾಹೇಬರು ಚಿತ್ರಗಾರನನ್ನು ಕರೆದು, ವಿಮಾನದ ಬಾಲವನ್ನು ಒಂದು ಬೆರಳು ಗಿಡ್ಡ ಮಾಡು, ಅಲ್ಲೊಂದು ಅಕ್ಷರ ಬರಬೇಕು ಎಂದರು.

ಮುಂದಿನ ಸೋಮವಾರ ಮುಂಬಯಿಯ ವಿಮಾನದ ಮೈದಾನಕ್ಕೆ ಹೋಗಿದ್ದೆ. ಈ ಸಲ ನೀಲವ್ವ ಅರಳೆಯನ್ನು ತಾನೇ ತಟ್ಟೆಯಿಂದ ಎತ್ತಿಕೊಂಡಳು, ಪಕ್ಕದಲ್ಲಿ ಹೆದರಿ ಕೂತಿದ್ದ ಸಾಹೇಬನೊಬ್ಬನಿಗೂ ಎರಡು ಉಂಡೆ ಕೊಟ್ಟಳು. ಎಂಜಿನ್ನು ಇನ್ನೂ ಶುರುವಾಗಿರಲಿಲ್ಲ. ಅವಳ ಮಾತು ಮೈದಾನದಲ್ಲಿದ್ದ ಎಲ್ಲರಿಗೂ ಕೇಳಿಸಿತು.

“ಹೋಗಿ ಬರತೇನಿ, ತಮ್ಮಾ.”